ಹಳೆ ಜೀಪು ಕೊಳ್ಳೋ ಮುಂಚೆ: ಮೊದಲು ಕಾಗದ, ಆಮೇಲೆ ಚಾಸಿ, ಕೊನೆಗೆ ಇಂಜಿನ್

ಈ ಸಲದ ಟಿಪ್ಪಣಿ ಬೆಳೆ ಮೇಲಲ್ಲ, ಗಾಡಿ ಮೇಲೆ. ಮೆಣಸಿನಕಾಯಿ, ಹತ್ತಿ ರೊಕ್ಕ ಕೈಗೆ ಬಂತು ಅಂದ್ರೆ ತೋರಣಗಲ್ಲು, ಕುರೇಕುಪ್ಪ, ವಡ್ಡು ಕಡೆ ಹುಡುಗರ ಬಾಯಲ್ಲಿ ಒಂದೇ ಮಾತು, ಹಳೆ ಜೀಪು. ಕಂಪ್ಲಿ ಕಡೆ ಭತ್ತದವರ ಮನೆಯಲ್ಲೂ ಇದೇ ಕತೆ. ಹೊಸಪೇಟೆ ಕಡೆ ಇನ್ನೊಂದು ಆಸೆ, ಅಂಬಾಸಿಡರ್. ಮದುವೆ ಮೆರವಣಿಗೆಗೆ ಬಿಡಬಹುದು, ಹಂಪಿಗೆ ಬಂದೋರನ್ನ ಕೂರಿಸಿ ಸುತ್ತಿಸಬಹುದು ಅನ್ನೋ ಲೆಕ್ಕ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹಳೆ ಗಾಡಿ ಕೊಳ್ಳೋದು ತಪ್ಪಲ್ಲ. ಆದರೆ ನಾವು ಗಾಡಿ ನೋಡೋ ಕ್ರಮ ತಲೆಕೆಳಗಾಗಿದೆ. ಮೊದಲು ಬಣ್ಣ ಮತ್ತು ಟೈರು ನೋಡ್ತೀವಿ, ಆಮೇಲೆ ಇಂಜಿನ್ ಸೌಂಡು ಕೇಳ್ತೀವಿ, ರೇಟು ಮಾತಾಡ್ತೀವಿ, ಅಡ್ವಾನ್ಸ್ ಕೊಟ್ಟ ಮೇಲೆ ಕಾಗದ ಕೇಳ್ತೀವಿ. ಇದನ್ನ ಪೂರ್ತಿ ತಿರುಗಿಸಬೇಕು. ಇಂಜಿನ್ ಕೆಟ್ಟಿದ್ರೆ ನಮ್ಮೂರ ಮೇಸ್ತ್ರಿ ಸರಿ ಮಾಡ್ತಾನೆ. ಚಾಸಿ ಕೊಳೆತಿದ್ರೆ ಸರಿ ಮಾಡಿದಂಗೆ ಮಾಡ್ತಾನೆ. ಕಾಗದವೇ ಸುಳ್ಳಾಗಿದ್ರೆ ಯಾವ ಮೇಸ್ತ್ರಿ ಕೈಲೂ ಏನೂ ಆಗಲ್ಲ.

ಎತ್ತು ಕೊಳ್ಳೋಕೆ ಸಂತೆಗೆ ಹೋದ್ರೆ ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ಗೊರಸು ಎತ್ತಿ ನೋಡ್ತೀವಿ, ನಾಲ್ಕು ಹೆಜ್ಜೆ ನಡೆಸಿ ನೋಡ್ತೀವಿ. ಕೊಂಬಿಗೆ ಬಣ್ಣ ಹಚ್ಯಾರೆ ಅಂತ ಯಾರೂ ರೊಕ್ಕ ಎಣಿಸಲ್ಲ. ಜೀಪಿನ ಮುಂದೆ ನಿಂತಾಗ ಮಾತ್ರ ಆ ಕಣ್ಣು ಎಲ್ಲಿ ಹೋಗ್ತದೋ ಗೊತ್ತಿಲ್ಲ.

*ಈ ಗಾಡಿಗಳು ಎಲ್ಲಿಂದ ಬಂದವು?*

ನಮ್ಮ ಕಡೆ ಮಾರಾಟಕ್ಕೆ ನಿಂತಿರೋ ಹಳೆ ಗಾಡಿಗಳು ಹೆಚ್ಚಾಗಿ ಮೂರು ದಾರಿಯಿಂದ ಬಂದವು.

ಮೊದಲನೇದು ಗಣಿ ಕಾಲದವು. ಅದಿರಿನ ಭರಾಟೆ ಇದ್ದಾಗ ಸಂಡೂರು ಬೆಟ್ಟದ ಮೇಲೆ ಹಗಲು ರಾತ್ರಿ ಓಡಿದ ಜೀಪುಗಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ, ಜೀಪು ಎಲ್ಲ ನಿಂತಲ್ಲೇ ನಿಂತವು. ಎಷ್ಟೋ ಗಾಡಿಗೆ ಕಂತು ಕಟ್ಟಲಿಲ್ಲ, ಟ್ಯಾಕ್ಸ್ ಕಟ್ಟಲಿಲ್ಲ. ಕೈಯಿಂದ ಕೈಗೆ ಹೋದವು, ಹೆಸರು ಮಾತ್ರ ಬದಲಾಗಲಿಲ್ಲ.

ಎರಡನೇದು ಉತ್ತರದಿಂದ ಬರೋವು. ಹರಿಯಾಣದ ಸಿರ್ಸಾ ಜಿಲ್ಲೆಯ ಮಂಡಿ ಡಬ್ವಾಲಿ ಅನ್ನೋ ಊರು ಜೀಪು ಮಾಡಿಫೈ ಮಾಡೋದಕ್ಕೆ ದೇಶಕ್ಕೆಲ್ಲ ಹೆಸರುವಾಸಿ. ಫೋನಿನಲ್ಲಿ ವಿಡಿಯೋ ನೋಡಿ ಆರ್ಡರ್ ಕೊಟ್ರೆ ಲಾರಿ ಮೇಲೆ ಬಂದು ಇಳೀತದೆ. ದೊಡ್ಡ ಟೈರು, ದೊಡ್ಡ ಬಂಪರ್, ಮಿರಿಮಿರಿ ಬಣ್ಣ. ಒಳಗೆ ಯಾವ ಗಾಡಿಯ ಇಂಜಿನ್, ಯಾವ ಗಾಡಿಯ ಚಾಸಿ ಅಂತ ಇಲ್ಲಿ ಕೂತು ಹೇಳಕ್ಕಾಗಲ್ಲ.

ಮೂರನೇದು ಮನೆ ಗಾಡಿ. ಊರ ಗೌಡರ ಮನೆಯದೋ, ಡಾಕ್ಟರದೋ, ನಿವೃತ್ತ ಮೇಷ್ಟ್ರದೋ, ಒಂದೇ ಕೈಯಲ್ಲಿದ್ದು ದನದ ಕೊಟ್ಟಿಗೆ ಪಕ್ಕ ಟಾರ್ಪಾಲ್ ಹೊದ್ದು ನಿಂತದ್ದು. ನೋಡೋಕೆ ದರಿದ್ರ ಕಾಣ್ತದೆ, ಮಾಸಿದ ಬಣ್ಣ, ಹರಿದ ಸೀಟು. ನನ್ನ ಕೇಳಿದ್ರೆ ಈ ಮೂರರಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಬಣ್ಣ ಹಚ್ಚದ ಗಾಡಿ ಸುಳ್ಳು ಹೇಳಲ್ಲ.

*ಕಾಗದ*

ಆರ್‌ಸಿ ಕೈಗೆ ತಗೊಂಡ ಮೇಲೆ ಐದು ವಿಷಯ ನೋಡ್ರಿ.

ಒಂದು, ಹೆಸರು. ಮಾರೋರು ಆರ್‌ಸಿಯಲ್ಲಿ ಇರೋರೇನಾ? “29, 30 ಫಾರಂಗೆ ಸಹಿ ಹಾಕಿಸಿ ಇಟ್ಟೀನಿ, ನಿಮಗೆ ಬೇಕಾದಾಗ ಹೆಸರು ಮಾಡಿಸ್ಕೋರಿ” ಅಂದ್ರೆ ಅಲ್ಲೇ ನಿಲ್ರಿ. ಆ ಸಹಿ ಹಾಕಿದವರು ಈಗ ಎಲ್ಲಿದ್ದಾರೆ, ಇದ್ದಾರೋ ಇಲ್ಲೋ? ಮಾಲೀಕರು ತೀರಿಕೊಂಡಿದ್ರೆ ಮೊದಲು ವಾರಸುದಾರರು 31ನೇ ಫಾರಂ ಹಾಕಿ ತಮ್ಮ ಹೆಸರಿಗೆ ಮಾಡಿಸ್ಕೊಬೇಕು, ಆಮೇಲೆ ನಿಮಗೆ ಮಾರಬೇಕು. ಇದು ಮಾರೋರಿಗೂ ಪಾಠ. 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತದ ಕೇಸಿನಲ್ಲಿ ಸ್ಪಷ್ಟವಾಗಿ ಹೇಳಿದೆ: ಕಾರು ಹಲವು ಕೈ ಬದಲಾಗಿದ್ರೂ, ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ. ಅಂದ್ರೆ ಹತ್ತು ವರ್ಷದ ಹಿಂದೆ ಜೀಪು ಮಾರಿ ಮರೆತವರ ಮನೆಗೂ ಕೋರ್ಟಿನ ನೋಟಿಸು ಬರಬಹುದು. ಗಣಿ ಕಾಲದಲ್ಲಿ ಹಂಗೆ ಗಾಡಿ ಕೊಟ್ಟವರು ಈ ಪೋಸ್ಟ್ ಓದ್ತಿದ್ರೆ, ನಾಳೆಯೇ ಹೋಗಿ ನಿಮ್ಮ ಹೆಸರು ಹೋಗಿದೆಯಾ ನೋಡ್ಕೋರಿ.

ಎರಡು, ಅವಧಿ. ಸ್ವಂತ ಬಳಕೆಯ ಗಾಡಿಗೆ ಮೊದಲ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಗಾಡಿಯನ್ನ ಆರ್‌ಟಿಒ ಮುಂದೆ ನಿಲ್ಲಿಸಿ ಪಾಸ್ ಮಾಡಿಸಬೇಕು. ಕಾರಿನ ನವೀಕರಣ ಫೀಸು 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000 ಆಯ್ತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರು, ಜೀಪಿನಂಥ ಲಘು ವಾಹನಕ್ಕೆ 10,000 ಮಾಡಿದ್ರು. ಇದರ ಮೇಲೆ ಹಸಿರು ತೆರಿಗೆ, ತಡ ಆಗಿದ್ರೆ ದಂಡ. ಈ ಲೆಕ್ಕ ರೇಟು ಮಾತಾಡೋ ಮುಂಚೆ ಹಾಕ್ರಿ, ಆಮೇಲಲ್ಲ.

ಮೂರು, ಸಾಲ. ಆರ್‌ಸಿಯಲ್ಲಿ ಬ್ಯಾಂಕೋ ಫೈನಾನ್ಸೋ ಹೆಸರಿದ್ರೆ, ಅವರ ಎನ್‌ಒಸಿ ಮತ್ತು 35ನೇ ಫಾರಂ ಇಲ್ಲದೆ ಆ ಹೆಸರು ಹೋಗಲ್ಲ. “ಸಾಲ ಯಾವಾಗಲೋ ತೀರೈತೆ” ಅನ್ನೋ ಮಾತು ಆರ್‌ಟಿಒದಲ್ಲಿ ನಡೆಯಲ್ಲ. ಆ ಫೈನಾನ್ಸೇ ಬಾಗಿಲು ಹಾಕಿದ್ರೆ ಇನ್ನೂ ಫಜೀತಿ.

ನಾಲ್ಕು, ಗಾಡಿಯ ವರ್ಗ ಮತ್ತು ಇಂಧನ. ಗಣಿ ಮೇಲೆ ಬಾಡಿಗೆಗೆ ಓಡಿದ ಎಷ್ಟೋ ಜೀಪು ಹಳದಿ ಬೋರ್ಡಿನವು. ಈಗ ಬಿಳಿ ಬೋರ್ಡ್ ಬಡಿದಿರ್ತಾರೆ, ದಾಖಲೆಯಲ್ಲಿ ಇನ್ನೂ ಹಳದಿಯೇ, ವರ್ಷಗಟ್ಟಲೆ ಟ್ಯಾಕ್ಸ್ ಬಾಕಿ. ಹಂಗೇ ಆರ್‌ಸಿ ‘ಪೆಟ್ರೋಲ್’ ಅಂತದೆ, ಬಾನೆಟ್ ಎತ್ತಿದ್ರೆ ಡೀಸೆಲ್ ಇಂಜಿನ್. ಹಳೆ ಜೀಪು, ಹಳೆ ಅಂಬಾಸಿಡರ್ ಎರಡರಲ್ಲೂ ಇದು ಮಾಮೂಲು.

ಐದು, ನಂಬರ್. ಕರ್ನಾಟಕದಲ್ಲಿ ‘ಕೆಎ’ ಸರಣಿ ಶುರುವಾದದ್ದು 1989ರ ಆಸುಪಾಸು. ಅದಕ್ಕೂ ಹಿಂದಿನವು ‘ಎಂವೈ’, ಆಮೇಲೆ ‘ಸಿ’ ಅಕ್ಷರದಿಂದ ಶುರುವಾಗ್ತವೆ. ಯಾರಾದ್ರೂ 1975ರ ಜೀಪು ಅಂತ ತೋರಿಸಿ ಕೆಎ 34 ನಂಬರ್ ಕೊಟ್ರೆ, ಮಧ್ಯದ ಅಷ್ಟು ವರ್ಷ ಇದು ಎಲ್ಲಿತ್ತು ಅಂತ ಕೇಳ್ರಿ. ಮಿಲಿಟರಿ ಹರಾಜಿನದೋ, ಬೇರೆ ರಾಜ್ಯದ್ದೋ ಆಗಿರಬಹುದು, ಅದು ತಪ್ಪಲ್ಲ. ಆದರೆ ಅದಕ್ಕೆ ಕಾಗದ ಇರಲೇಬೇಕು. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡ್ರಿ. ಆ್ಯಪ್‌ನಲ್ಲಿ ಸಿಗದಿದ್ರೆ ಬಳ್ಳಾರಿ ಇಲ್ಲವೇ ಹೊಸಪೇಟೆ, ಯಾವ ಆರ್‌ಟಿಒದಲ್ಲಿ ನೋಂದಣಿ ಆಗಿದೆಯೋ ಅಲ್ಲಿಂದ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸ್ರಿ.

ಇಷ್ಟಾದ ಮೇಲೆ ಗಾಡಿ ಹತ್ತಿರ ಹೋಗಿ ಇಂಜಿನ್ ನಂಬರ್, ಚಾಸಿ ನಂಬರ್ ಎರಡೂ ಕಣ್ಣಾರೆ ಓದ್ರಿ. ಸ್ಕ್ರೂ ಹೊಡೆದ ತಗಡಿನ ಪ್ಲೇಟು ನಂಬಬೇಡ್ರಿ, ಪ್ಲೇಟು ಯಾವ ಗಾಡಿಗಾದ್ರೂ ಕೂರ್ತದೆ. ಚಾಸಿ ಕಬ್ಬಿಣದ ಮೇಲೆ ಕೊರೆದ ನಂಬರ್ ಹುಡುಕ್ರಿ. ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೀರಿ. ಅಕ್ಷರಗಳು ಒಂದೇ ಆಳ, ಒಂದೇ ಸಾಲು ಇರಬೇಕು. ಸುತ್ತ ಗ್ರೈಂಡರ್ ಗೀರು, ವೆಲ್ಡಿಂಗ್ ಗಂಟು ಇದ್ರೆ ನಮಸ್ಕಾರ ಹೇಳಿ ಎದ್ದು ಬರ್ರಿ.

*ಚಾಸಿ*

ಇಲ್ಲಿ ನಮ್ಮ ನೆಲದ್ದೇ ಒಂದು ತೊಡಕು ಇದೆ. ಅದಿರಿನ ಧೂಳೂ ಕೆಂಪು, ತುಕ್ಕೂ ಕೆಂಪು. ಸಂಡೂರು-ತೋರಣಗಲ್ಲು ರಸ್ತೆಯಲ್ಲಿ ಓಡಿದ ಯಾವ ಗಾಡಿಯ ಹೊಟ್ಟೆ ನೋಡಿದ್ರೂ ಕೆಂಪಗೇ ಇರ್ತದೆ. ಮಾರೋರು “ಅದು ಧೂಳು ಬಿಡ್ರಿ” ಅಂತಾರೆ. ಒದ್ದೆ ಬಟ್ಟೆ ತಗೊಂಡು ಗಟ್ಟಿಯಾಗಿ ಒರೆಸ್ರಿ. ಧೂಳಾದ್ರೆ ಬಟ್ಟೆಗೆ ಬರ್ತದೆ, ಕೆಳಗೆ ಬಣ್ಣ ಕಾಣ್ತದೆ. ತುಕ್ಕಾದ್ರೆ ಹೋಗಲ್ಲ, ಉಗುರಿಗೆ ಹಪ್ಪಳದಂಗೆ ಏಳ್ತದೆ. ಆ ಧೂಳು ಬಾಗಿಲ ಒಳಗೆ, ಫುಟ್‌ಬೋರ್ಡ್ ಸಂದಿಯಲ್ಲಿ, ಚಾಸಿ ಪೆಟ್ಟಿಗೆಯೊಳಗೆ ಕೂತು ನೀರು ಹೋಗೋ ತೂತು ಮುಚ್ಚಿಬಿಡ್ತದೆ. ಮಳೆಗಾಲದ ತೇವ ತಿಂಗಳುಗಟ್ಟಲೆ ಅಲ್ಲೇ ಹಿಡಿದಿಡ್ತದೆ. ಹೊರಗೆ ನೆಟ್ಟಗಿದ್ದು ಒಳಗೆ ಟೊಳ್ಳಾಗೋದು ಹಿಂಗೆ. ಕಂಪ್ಲಿ ಕಡೆ ಗದ್ದೆ ಕೆಸರಲ್ಲಿ ಓಡಿದ ಗಾಡಿಗೂ ಇದೇ ರೋಗ, ಬಣ್ಣ ಮಾತ್ರ ಬೇರೆ.

ಒಂದು ಸಣ್ಣ ಸುತ್ತಿಗೆ ಇಟ್ಕೊಂಡು ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋಗ್ರಿ. ಗಟ್ಟಿ ಕಬ್ಬಿಣ ಠಣ್ ಅಂತದೆ, ಕೊಳೆತದ್ದು ಮಡಕೆ ಒಡೆದಂಗೆ ಬೊಕ್ಕು ಸದ್ದು ಕೊಡ್ತದೆ. ಹಿಂದಿನ ಕಮಾನು ಪಟ್ಟಿ ಕೂರೋ ಜಾಗ, ಅಡ್ಡ ಪಟ್ಟಿ ಸೇರೋ ಜಾಗ, ಸ್ಟೇರಿಂಗ್ ಬಾಕ್ಸ್ ಬೋಲ್ಟ್ ಹಾಕಿದ ಜಾಗ, ಈ ಮೂರು ಕಡೆ ಎರಡೆರಡು ಸಲ ನೋಡ್ರಿ. ಕೆಳಗೆಲ್ಲ ಹೊಸದಾಗಿ ಕರಿ ಬಣ್ಣ ಬಳಿದಿದ್ರೆ ಸಂತೋಷಪಡಬೇಡ್ರಿ, ಅನುಮಾನಪಡ್ರಿ.

ಅಂಬಾಸಿಡರ್ ನೋಡೋರಿಗೆ ಒಂದು ವಿಷಯ. ಅದಕ್ಕೆ ಜೀಪಿನಂಗೆ ಬೇರೆ ಚಾಸಿ ಇಲ್ಲ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರೇ ಅದರ ಮೂಲ, ಬಾಡಿಯೇ ಚಾಸಿ. ಹಂಗಾಗಿ ತಳ ಕೊಳೆತ್ರೆ ಕಾರೇ ಕೊಳೆತಂಗೆ. ಮ್ಯಾಟ್ ಎತ್ತಿ ತಳದ ತಗಡು ನೋಡ್ರಿ, ಬಾಗಿಲ ಕೆಳಗಿನ ಅಂಚು ಒತ್ತಿ ನೋಡ್ರಿ. ಮುಂದಿನ ಗಾಲಿಯ ಟಾರ್ಷನ್ ಬಾರ್ ಹಿಂದಕ್ಕೆ ಬಂದು ತಳಕ್ಕೆ ಸೇರೋ ಜಾಗವನ್ನ ತಪ್ಪದೆ ನೋಡ್ರಿ. ಪ್ರೀಮಿಯರ್ ಪದ್ಮಿನಿಗೂ ಬೇರೆ ಚಾಸಿ ಇಲ್ಲ, ಅದರ ತಳವನ್ನೂ ಹಿಂಗೇ ನೋಡಬೇಕು. ಪುಟ್ಟಿ ತುಂಬಿದ್ದು ಹಿಡಿಯೋಕೆ ಹಳೆ ಸ್ಪೀಕರಿನ ಮ್ಯಾಗ್ನೆಟ್ ಸಾಕು. ತೆಳು ಬಟ್ಟೆ ಸುತ್ತಿ ಬಾಡಿ ಮೇಲೆ ಓಡಿಸ್ರಿ. ಎಲ್ಲಿ ಹಿಡಿಯಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ಐತೆ.

ಪಲ್ಟಿ ಹೊಡೆದು ಸೊಟ್ಟಗಾದ ಗಾಡಿ ಗುರುತಿಸೋದು ಇನ್ನೂ ಸುಲಭ. ಎರಡೂ ಮಗ್ಗುಲ ಗಾಲಿಗಳ ನಡುವಿನ ಅಂತರ ಟೇಪ್ ಹಿಡಿದು ಅಳೀರಿ, ಎಡ-ಬಲ ಒಂದೇ ಬರಬೇಕು. ಆಮೇಲೆ ನಾಲ್ಕೂ ಟೈರಿಗೆ ನೀರು ಹಾಕಿ ಒಣ ರಸ್ತೆಯಲ್ಲಿ ನೇರ ಓಡಿಸಿ, ಇಳಿದು ಹೆಜ್ಜೆ ನೋಡ್ರಿ. ಹಿಂದಿನ ಗಾಲಿಯ ಗುರುತು ಮುಂದಿನ ಗುರುತಿನಿಂದ ಒಂದು ಪಕ್ಕಕ್ಕೆ ಸರಿದಿದ್ರೆ ಗಾಡಿ ಏಡಿಯಂಗೆ ನಡೀತಿದೆ ಅಂತ ಅರ್ಥ.

*ಇಂಜಿನ್*

ಇಂಜಿನ್ ಕೊನೆಗೆ ಯಾಕಂದ್ರೆ ಇದು ನಮಗೆ ಗೊತ್ತಿರೋ ವಿದ್ಯೆ. ಹಳೆ ಸಿಜೆ-500ಡಿ ಡೀಸೆಲ್ ಜೀಪಿನಲ್ಲಿ ಇದ್ದದ್ದು ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರ್ ವಂಶದ ಇಂಜಿನ್. 1980ರ ದಶಕದಲ್ಲಿ ಬಂದ ಎಂಎಂ-540ಗೆ ಪ್ಯೂಜೋ ಡೀಸೆಲ್. ಎರಡನ್ನೂ ಬಿಚ್ಚಿ ಕಟ್ಟೋ ಮೇಸ್ತ್ರಿಗಳು ಇನ್ನೂ ಅದಾರೆ, ಸಾಮಾನೂ ಸಿಗ್ತವೆ.

ನೀವು ಹೋಗೋ ಮುಂಚೆ ಗಾಡಿ ಸ್ಟಾರ್ಟ್ ಮಾಡಬೇಡ್ರಿ ಅಂತ ಫೋನಿನಲ್ಲೇ ಹೇಳ್ರಿ. ಹೋದ ತಕ್ಷಣ ಬಾನೆಟ್ ಮುಟ್ರಿ, ಬಿಸಿ ಇದ್ರೆ ಏನನ್ನೋ ಮುಚ್ಚಿಡ್ತಿದ್ದಾರೆ. ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡ್ರಿ, ನೀರಿನ ಮೇಲೆ ಎಣ್ಣೆ ಇರಬಾರದು. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ ಅಂತ ತಿಳೀರಿ.

ಗಣಿ ಕಡೆ ಓಡಿದ ಗಾಡಿಗೆ ಏರ್ ಕ್ಲೀನರ್ ತೆಗೆದು ನೋಡಲೇಬೇಕು. ಹಳೆಯವು ಆಯಿಲ್ ಹಾಕೋ ಬೋಗುಣಿಯಂಥ ಕ್ಲೀನರ್. ಅದರಲ್ಲಿ ಆಯಿಲ್ ಬದಲು ಕೆಂಪು ಕೆಸರು ಗಟ್ಟಿಯಾಗಿ ಕೂತಿದ್ರೆ, ಆ ಧೂಳು ಉಂಗುರ, ಬೋರ್ ತಿಂದಿದೆ. ಖಾತ್ರಿ ಮಾಡ್ಕೊಳ್ಳೋಕೆ ಇಂಜಿನ್ ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ತೆಗೀರಿ. ಬುಸುಬುಸು ಹೊಗೆ ಬಂದ್ರೆ ಬೋರ್ ಕೆಲಸ ಕಾದಿದೆ. ನೀಲಿ ಹೊಗೆ ಅಂದ್ರೆ ಆಯಿಲ್ ಸುಡ್ತಿದೆ. ಕಪ್ಪು ಹೊಗೆಗೆ ಇಂಜೆಕ್ಟರ್, ಪಂಪ್ ನೋಡಬೇಕು. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಇದರಲ್ಲಿ ಯಾವುದೂ ಗಾಡಿ ಬಿಟ್ಟು ಬರೋಕೆ ಕಾರಣ ಅಲ್ಲ. ಇವೆಲ್ಲ ರೇಟು ಇಳಿಸೋಕೆ ಕಾರಣ, ಅಷ್ಟೇ.

ಓಡಿಸಿ ನೋಡುವಾಗ ಅರ್ಧ ಗಂಟೆ ಓಡಿಸ್ರಿ, ಸಂಡೂರು ಕಡೆ ಏರು ಹತ್ತಿಸ್ರಿ, ನೀರಿನ ಕಾವು ನೋಡ್ರಿ. ಬ್ರೇಕ್ ಪೆಡಲ್ ಒತ್ತಿ ಒಂದು ನಿಮಿಷ ಹಂಗೇ ಹಿಡೀರಿ, ಮೆಲ್ಲಗೆ ಕೆಳಗೆ ಇಳಿದ್ರೆ ಸಿಲಿಂಡರ್ ಸೋರ್ತಿದೆ. ‘ಫೋರ್ ಬೈ ಫೋರ್’ ಅಂದ್ರೆ ಕೆಳಗೆ ಬಗ್ಗಿ ಮುಂದಿನ ಜಾಯಿಂಟ್ ಶಾಫ್ಟ್ ಇದೆಯಾ ನೋಡ್ರಿ. ಲಿವರ್ ಮಾತ್ರ ಉಳಿದು ಶಾಫ್ಟ್ ಎಂದೋ ಗುಜರಿಗೆ ಹೋದ ಜೀಪುಗಳು ಬೇಕಾದಷ್ಟಿವೆ. ಶಾಫ್ಟ್ ಇದ್ರೆ ಉಳುಮೆ ಮಾಡಿದ ಹೊಲದಲ್ಲಿ ಹಾಕಿ ನೋಡ್ರಿ, ಡಾಂಬರಿನ ಮೇಲೆ ಬೇಡ.

*ಒಂದು ಉದಾಹರಣೆ*

ಮೊನ್ನೆ ನಮ್ಮ ಪಕ್ಕದ ಊರಿನ ರೈತರೊಬ್ಬರು ಜೀಪು ನೋಡೋಕೆ ಬಾರಪ್ಪಾ ಅಂತ ಕರೆದ್ರು. ಮಗನಿಗೆ ಜೀಪಿನ ಆಸೆ, ಇವರ ಹತ್ರ ಎರಡು ಎಕರೆ ಮೆಣಸಿನಕಾಯಿ ರೊಕ್ಕ. ಮಾರೋ ಮನುಷ್ಯ ಮಾತಿನ ಮಲ್ಲ. “ಕಾಕಾ, ಇಂಜಿನ್ ಕೇಳ್ರಿ, ಗಡಿಯಾರ ಇದ್ದಂಗೈತೆ” ಅಂದ. ನಿಜಕ್ಕೂ ಹಂಗೇ ಇತ್ತು. ಮಗ ಆಗಲೇ ಸೀಟಲ್ಲಿ ಕೂತು ಫೋಟೋ ತೆಗೆಸ್ಕೊಂಡಿದ್ದ.

ನಾವು ಚಾಸಿ ನಂಬರ್ ಮೇಲೆ ಪೆನ್ಸಿಲ್ ಉಜ್ಜಿದ್ವಿ. ಆರ್‌ಸಿಯಲ್ಲಿ ಕೊನೆ ಅಂಕಿ 3, ಅಚ್ಚಿನಲ್ಲಿ 8. “ಬರೆಯೋರು ತಪ್ಪು ಬರ್ದಾರೆ ಅಣ್ಣ, ಅದೇನು ದೊಡ್ಡದು” ಅಂದ. ಇರಬಹುದು, ನಿಜಕ್ಕೂ ಬರೆಯೋ ತಪ್ಪೇ ಇರಬಹುದು. ನಾನು ಹೇಳಿದ್ದು ಇಷ್ಟೇ: “ತಪ್ಪಾಗಿದ್ರೆ ನೀನೇ ಆರ್‌ಟಿಒಗೆ ಹೋಗಿ ಸರಿ ಮಾಡಿಸ್ಕೊಂಡು ಬಾರಪ್ಪ, ನಾವು ಕಾಯ್ತೀವಿ, ರೇಟೂ ಕಡಿಮೆ ಮಾಡಬೇಡ.” ಆಮೇಲೆ ಅವನ ಫೋನು ಬರಲಿಲ್ಲ. ಮಗ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟ. ಅಪ್ಪನ ರೊಕ್ಕ ಬ್ಯಾಂಕಿನಲ್ಲೇ ಉಳೀತು.

ಸರಿ ಇರೋ ಗಾಡಿ ಮಾರೋರು ಪೆನ್ಸಿಲ್ಲಿಗೆ ಹೆದರಲ್ಲ. ನಿಮ್ಮ ಕೈಯಲ್ಲಿ ಸುತ್ತಿಗೆ, ಕಾಗದ ನೋಡಿ ಮಾರೋರ ಮುಖ ಹೆಂಗಾಗ್ತದೆ ಅನ್ನೋದೂ ಒಂದು ಪರೀಕ್ಷೆಯೇ.

*‘ಆಂಟಿಕ್’, ‘ವಿಂಟೇಜ್’, ‘ಮಾಡಿಫೈ’*

“ಆಂಟಿಕ್ ಪೀಸು, ವಿಂಟೇಜ್ ಮಾಡಿಸ್ಕೋರಿ, ಬೆಲೆ ಏರ್ತದೆ” ಅಂತಾರಲ್ಲ, ಅದರ ನಿಜ ಸಂಗತಿ ಇದು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗೆ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ, ನಂಬರ್ ಮಧ್ಯೆ ‘ವಿಎ’ ಅಕ್ಷರ. ಆದರೆ ಆ ಗಾಡಿಯನ್ನ ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ಇಂಥದ್ದಕ್ಕೆ ಬಿಟ್ಟು ದಿನನಿತ್ಯ ರಸ್ತೆಗೆ ಇಳಿಸೋ ಹಂಗಿಲ್ಲ, ಬಾಡಿಗೆಗೆ ಬಿಡೋ ಹಂಗೂ ಇಲ್ಲ. ಅಂದ್ರೆ 1985ರ ಅಂಬಾಸಿಡರ್ ಇನ್ನೂ ವಿಂಟೇಜ್ ಅಲ್ಲ, ವಿಂಟೇಜ್ ಆದದ್ದರಲ್ಲಿ ಹಂಪಿಗೆ ಬಾಡಿಗೆ ಹೊಡೆಯೋಕೆ ಆಗಲ್ಲ. ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ನಿಂತದ್ದು 2014ರಲ್ಲಿ. 2017ರಲ್ಲಿ ಆ ಹೆಸರು ಒಂದೇ 80 ಕೋಟಿಗೆ ಪ್ಯೂಜೋ ಕಂಪನಿಗೆ ಹೋಯ್ತು. ಹೆಸರಿಗೆ ಕೋಟಿ ಬಂತು ಅಂತ ಕೊಟ್ಟಿಗೆಯಲ್ಲಿ ಕೊಳೆತ ತಗಡಿಗೆ ಲಕ್ಷ ಬರಲ್ಲ.

ಮಾಡಿಫೈ ವಿಷಯದಲ್ಲಿ ನನ್ನ ಮಾತು ಕೆಲವು ಹುಡುಗರಿಗೆ ಕಹಿ ಅನ್ನಿಸಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮಾಡಿದ ಮೂಲ ವಿವರ ಬದಲಿಸೋ ಹಂಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿದಿದೆ. ಪೊಲೀಸರು ಹಿಡಿದು ಹಾಕೋ ದಂಡ ದೊಡ್ಡದಲ್ಲ. ನಮ್ಮ ರಸ್ತೆಯಲ್ಲಿ ಹಗಲು ರಾತ್ರಿ ಅದಿರು ಲಾರಿ, ಸ್ಟೀಲ್ ಲಾರಿ ಓಡ್ತವೆ. ದೇವರು ಹಂಗೆ ಮಾಡದಿರಲಿ, ಒಂದು ಅಪಘಾತ ಆದ್ರೆ ಇನ್ಶೂರೆನ್ಸ್ ಕಂಪನಿ ಮೊದಲು ಕೇಳೋದು ಇಂಜಿನ್ ನಂಬರ್ ಸರಿ ಐತಾ, ಗಾಡಿ ಬದಲಾಯಿಸ್ಯಾರಾ ಅಂತ. ಅಲ್ಲಿ ತಕರಾರು ಎದ್ರೆ ಪರಿಹಾರದ ಹೊರೆ ಯಾರ ಮೇಲೆ? ಹೊಲದ ಪಹಣಿ ಯಾರ ಹೆಸರಲ್ಲಿ ಐತೋ ಅವರ ಮೇಲೆ. ಜೀಪಿನ ಖುಷಿಗೆ ಹೊಲ ಒತ್ತೆ ಇಡಬೇಡ್ರಿ.

ಹಂಗಂತ ಹಳೆ ಗಾಡಿಯೇ ಬೇಡ ಅಂತ ನಾನು ಹೇಳ್ತಿಲ್ಲ. ಕಾಗದ ನೆಟ್ಟಗಿರೋ, ಚಾಸಿ ಗಟ್ಟಿ ಇರೋ ಜೀಪು ನಮ್ಮಂಥೋರಿಗೆ ಇವತ್ತಿಗೂ ಒಳ್ಳೇ ಗಾಡಿ. ಸ್ಪ್ಯಾನರ್ ಹಿಡಿಯೋಕೆ ಬಂದ್ರೆ ಅರ್ಧ ರಿಪೇರಿ ನಾವೇ ಮಾಡ್ಕೊಬಹುದು, ಕಂಪ್ಯೂಟರ್ ಹಚ್ಚಬೇಕು ಅಂತ ಬಳ್ಳಾರಿಗೆ ಓಡೋದು ಬೇಕಿಲ್ಲ. ಕೊಳ್ಳೋರು ಇಷ್ಟು ಮಾಡ್ರಿ: ನೋಡೋಕೆ ಬೆಳಿಗ್ಗೆ ಬಿಸಿಲಲ್ಲಿ ಹೋಗ್ರಿ, ಸಂಜೆ ಮಬ್ಬಲ್ಲಿ ಬೇಡ. ಮಾರೋರು ಕರೆತಂದ ಮೇಸ್ತ್ರಿ ಬೇಡ, ನಿಮ್ಮ ಮೇಸ್ತ್ರಿಗೆ ಅರ್ಧ ದಿನದ ಕೂಲಿ ಕೊಟ್ಟು ಕರ್ಕೊಂಡು ಹೋಗ್ರಿ. ಅಡ್ವಾನ್ಸ್ ಕೊಟ್ರೆ ರಸೀದಿ ಬರೆಸ್ಕೋರಿ, ಉಳಿದ ರೊಕ್ಕ ಹೆಸರು ಬದಲಾಗೋ ಅರ್ಜಿ ಆರ್‌ಟಿಒಗೆ ಸೇರಿದ ಮೇಲೆ ಕೊಡ್ರಿ. ಕೊಟ್ಟ ರೇಟಿನ ಮೂರರಲ್ಲಿ ಒಂದು ಪಾಲು ರಿಪೇರಿಗೆ ಅಂತ ಮೊದಲೇ ತೆಗೆದಿಡ್ರಿ. ಅಷ್ಟು ತೆಗೆದಿಡೋಕೆ ಆಗದಿದ್ರೆ ಈ ವರ್ಷ ಬಿಡ್ರಿ. ಮುಂದಿನ ಬೆಳೆ ಬರ್ತದೆ, ಜೀಪೂ ಎಲ್ಲೂ ಹೋಗಲ್ಲ.

ಮನೆಯಲ್ಲಿ ಹುಡುಗರು ಜೀಪಿನ ವಿಡಿಯೋ ತೋರಿಸಿದ್ರೆ ಬೈಬೇಡ್ರಿ. ಆರ್‌ಸಿ ಫೋಟೋ ತರಿಸು ಅನ್ರಿ.